ಮೂರು ಬೆರಳು ಹೊರಗೆ

ನಾನು ನಿಂತಿದ್ದು ತಂತಿಬಲೆಯ ಹೊರಗೆ, ಅಪ್ಪ ಆಡುತ್ತಿದ್ದ ತುದಿಯ ಬಲಮೂಲೆಯಲ್ಲಿ, ನೆಲ ಸಮ ಮಾಡುವ ಕಲ್ಲಿನ ರೋಲರಿನ ಪಕ್ಕ. ಫೆಬ್ರವರಿಯ ಎರಡನೆಯ ಭಾನುವಾರ. ಕಾರ್ಖಾನೆಯ ಐದೂವರೆಯ ಭೋಂಗಾ ಕೂಗಿ ಕಾಲು ಗಂಟೆ ಆಗಿತ್ತು. ನಾನಾಗ ಏಳನೆಯ ತರಗತಿಯಲ್ಲಿದ್ದೆ. ಕೈಯಲ್ಲಿ ಹಾಲಿನ ಕ್ಯಾನು ಇತ್ತು. ನನಗೂ ಟೆನಿಸ್ ಅಂಗಳದ ಹಿಂದಿನ ಗೆರೆಗೂ ನಡುವೆ ನನ್ನ ಹೆಜ್ಜೆಯಲ್ಲಿ ಆರು ಹೆಜ್ಜೆ. ಸೂರ್ಯ ನನ್ನ ಬೆನ್ನಿಗಿದ್ದ, ಕಣ್ಣಿಗಲ್ಲ. ಕಾರ್ಖಾನೆಯ ದೊಡ್ಡ ಸಾಹೇಬರು ಹೊಡೆದ ಚೆಂಡು ಗೆರೆಯ ಆಚೆ ಬಿತ್ತು. ಗೆರೆಯ ಸುಣ್ಣಕ್ಕೂ ಚೆಂಡು ಮೂಡಿಸಿದ ಗುರುತಿಗೂ ನಡುವೆ ಬರಿ ಕೆಂಪು ಮಣ್ಣು ಕಾಣುತ್ತಿತ್ತು. ಅಪ್ಪ ಅಲ್ಲಿ ಕುಕ್ಕರುಗಾಲಲ್ಲಿ ಕೂತು, ಬಲಗೈಯ ಮೂರು ಬೆರಳು ಜೋಡಿಸಿ ಆ ಜಾಗದಲ್ಲಿ ಇಟ್ಟ. ಮೂರೂ ಹಿಡಿಸಿದವು. ಇಷ್ಟನ್ನು ಮೊದಲೇ ಬರೆದುಬಿಡುತ್ತೇನೆ. ಏಕೆಂದರೆ ಇದಕ್ಕೆ ವಿರುದ್ಧವಾದ ಮಾತು ನನ್ನದೇ ಕೈಬರಹದಲ್ಲಿ ಒಂದು ಕಚೇರಿಯ ಕಡತದಲ್ಲಿ ಇದೆ.

ನಮ್ಮ ಮನೆ ಸೇಡಂಗೂ ಚಿತ್ತಾಪುರಕ್ಕೂ ನಡುವಿನ ಒಂದು ಸಿಮೆಂಟ್ ಕಾರ್ಖಾನೆಯ ಕಾಲನಿಯಲ್ಲಿತ್ತು. ಮನೆ ಎಂದರೆ ಒಂದು ಕೋಣೆ, ಒಂದು ಅಡುಗೆಮನೆ, ಹಿಂದೆ ಬಟ್ಟೆ ಒಗೆಯುವ ಕಲ್ಲು. ನೆಲಕ್ಕೆ ಶಹಾಬಾದಿನ ಹಾಸುಗಲ್ಲು, ಚಾವಣಿಗೂ ಅದೇ ಕಲ್ಲು. ಬೇಸಿಗೆಯಲ್ಲಿ ಕೆಳಗಿನ ಕಲ್ಲು ತಂಪು, ಮೇಲಿನ ಕಲ್ಲು ಕೆಂಡ. ನಾವು ಎರಡರ ನಡುವೆ ಬೆಂದೆವು. ಅವ್ವ ದಿನಕ್ಕೆ ಮೂರು ಸಲ ನೆಲ ಒರೆಸುತ್ತಿದ್ದಳು, ಮೂರು ಸಲವೂ ನೀರು ಬೂದಿಯ ಬಣ್ಣಕ್ಕೆ ತಿರುಗುತ್ತಿತ್ತು. ಹಪ್ಪಳ ಒಣಹಾಕಿದರೆ ಅದರ ಮೇಲೆ ಸಿಮೆಂಟು, ಒಗೆದ ಬಟ್ಟೆಯ ಮೇಲೆ ಸಿಮೆಂಟು. ಈ ಕ್ವಾರ್ಟರ್ಸಿನಲ್ಲಿ ನಾವಿದ್ದದ್ದು ಅಪ್ಪ ಆಫೀಸರ್ಸ್ ಕ್ಲಬ್ಬಿನ ಟೆನಿಸ್ ಮಾರ್ಕರ್ ಆಗಿದ್ದನೆಂಬ ಕಾರಣಕ್ಕೆ. ಅಂಗಳ ನೋಡಿಕೊಳ್ಳುವುದು, ಗೆರೆ ಎಳೆಯುವುದು, ಜೊತೆಗಾರ ಸಿಗದ ಸಾಹೇಬರ ಎದುರು ನಿಂತು ಆಡುವುದು ಮಾರ್ಕರನ ಕೆಲಸ. ಹುದ್ದೆ ಇರುವತನಕ ಮನೆ, ಮನೆ ಇರುವತನಕ ಕಾಲನಿಯ ಶಾಲೆಯಲ್ಲಿ ನನ್ನ ಓದು. ಇದನ್ನು ನಮ್ಮಲ್ಲಿ ಯಾರೂ ಬಾಯಿಬಿಟ್ಟು ಹೇಳುತ್ತಿರಲಿಲ್ಲ, ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು.

ನಮ್ಮ ಸೀಮೆಯದು ಕಪ್ಪು ಮಣ್ಣು. ಅದರ ಮೇಲೆ ಟೆನಿಸ್ ಆಡಲಾಗದು. ಮಳೆ ಬಂದರೆ ಅಂಟು, ಬಿಸಿಲು ಬಂದರೆ ಬಿರುಕು. ಕ್ಲಬ್ಬಿನ ಅಂಗಳಕ್ಕೆ ಕೆಂಪು ಮಣ್ಣು ಬರುತ್ತಿದ್ದದ್ದು ಚಿಂಚೋಳಿಯ ಗುಡ್ಡದ ಕಡೆಯಿಂದ. ಅಪ್ಪನ ಊರು ಆ ಗುಡ್ಡದ ಆಚೆ ಇತ್ತು. ವರ್ಷಕ್ಕೊಮ್ಮೆ ಟ್ರಾಕ್ಟರಿನ ಜೊತೆ ತಾನೇ ಹೋಗಿ, ಮಣ್ಣನ್ನು ಅಂಗೈಯಲ್ಲಿ ಉಜ್ಜಿ ನೋಡಿ ಆರಿಸಿ ತರುತ್ತಿದ್ದ. ಮನೆಯಲ್ಲಿ ನನ್ನ ಆಯಿ, ಅಂದರೆ ಅಪ್ಪನ ತಾಯಿ, ಆ ಮಣ್ಣು ಬಂದ ದಿನ ಕ್ಲಬ್ಬಿನ ಬೇಲಿಯತನಕ ನಡೆದು ಹೋಗಿ ನಿಂತು ನೋಡಿ ಬರುತ್ತಿದ್ದಳು. ತವರಿನವರು ಬಂದ ಹಾಗೆ. ಬೆಳಗಿನ ಜಾವ ಅಪ್ಪ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಎಳೆದುಕೊಂಡು ಅಂಗಳಕ್ಕೆ ಹೋಗಿ ನೀರು ಚಿಮುಕಿಸುತ್ತಿದ್ದ. ಆಮೇಲೆ ರೋಲರ್, ಕಸಬರಿಗೆ, ಕೊನೆಗೆ ಸುಣ್ಣದ ಗೆರೆ. ದಾರ ಕಟ್ಟಿ ಎಳೆದ ಅವನ ಗೆರೆ ಎಲ್ಲೂ ದಪ್ಪವಾಗುತ್ತಿರಲಿಲ್ಲ, ಎಲ್ಲೂ ತೆಳುವಾಗುತ್ತಿರಲಿಲ್ಲ. ಇಂಥ ಮಣ್ಣಿನ ಅಂಗಳದ ಒಂದು ಗುಣವನ್ನು ಓದುಗರು ಇಲ್ಲೇ ತಿಳಿದಿರಬೇಕು: ಚೆಂಡು ಬಿದ್ದಲ್ಲಿ ಗುರುತು ಉಳಿಯುತ್ತದೆ. ಒಳಗೋ ಹೊರಗೋ ಎಂದು ಜಗಳ ಬಂದರೆ ಹೋಗಿ ಆ ಗುರುತು ನೋಡುತ್ತಾರೆ. ಅಲ್ಲಿಗೆ ಮಾತು ಮುಗಿಯಬೇಕು.

ಮನೆಯಲ್ಲಿ ಹದಿನಾಲ್ಕು ಇಂಚಿನ ಒಂದು ಟಿವಿ ಇತ್ತು. ದೊಡ್ಡ ಟೆನಿಸ್ ಪಂದ್ಯ ಇದ್ದರೆ ಅಪ್ಪ ಅದರ ಮುಂದೆ ಹಾಸುಗಲ್ಲಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂರುತ್ತಿದ್ದ. ತೊಡೆಯ ಮೇಲೆ ರೊಟ್ಟಿ, ಪುಂಡಿಪಲ್ಲೆಯ ತಾಟು. ಕೂರುವ ಮೊದಲು ತನ್ನ ಟವೆಲನ್ನು ಟಿವಿಯ ಮೇಲಿಂದ ಇಳಿಬಿಟ್ಟು ಅರ್ಧ ಪರದೆ ಮುಚ್ಚಿಬಿಡುತ್ತಿದ್ದ. ಹತ್ತಿರದಿಂದ ತೋರಿಸುವಾಗ ಆಟಗಾರರ ಸೊಂಟದ ಕೆಳಗಷ್ಟೇ ನಮಗೆ ಕಾಣುತ್ತಿತ್ತು. ಮುಖ ನೋಡಿದರೆ ಮೋಸ ಹೋಗುತ್ತೀರಿ, ಕೈ ನೋಡಿದರೆ ಇನ್ನೂ ಮೋಸ, ಕಾಲು ನೋಡಿ ಎನ್ನುತ್ತಿದ್ದ. ಅವ್ವ ಇದಕ್ಕಾಗಿ ಅವನ ಜೊತೆ ಎಷ್ಟು ಸಲ ಜಗಳ ಕಾದಳೋ. ಪೂರ್ತಿ ಟಿವಿ ತಂದು ಅರ್ಧ ನೋಡುವ ಮನೆ ಊರಲ್ಲಿ ಇದೊಂದೇ ಎಂದು ಪಕ್ಕದ ಮನೆಯವರ ಮುಂದೆ ಆಡಿಕೊಳ್ಳುತ್ತಿದ್ದಳು.

ಆ ಪರದೆಯ ಕೆಳಗಿನ ಅರ್ಧದಲ್ಲಿ ನಾನು ಕಂಡ ಕಾಲುಗಳು ಮುಖ್ಯವಾಗಿ ಮೂವರವು. ಅವರ ಹೆಸರುಗಳಿಗೆ ನಮ್ಮ ನಾಲಿಗೆ ಹೊರಳುತ್ತಿರಲಿಲ್ಲವಾದ್ದರಿಂದ ಮನೆಯ ಹೆಸರು ಇಟ್ಟುಕೊಂಡಿದ್ದೆವು. ಸ್ವಿಟ್ಜರ್ಲೆಂಡಿನವನು ಚೆಲುವ. ಸ್ಪೇನಿನವನು ಎಡಚ. ಸರ್ಬಿಯಾದವನು ರಬ್ಬರ್. ಚೆಲುವನ ಕಾಲು ನೆಲಕ್ಕೆ ತಾಗಿದ್ದೇ ಗೊತ್ತಾಗುವುದಿಲ್ಲ, ಚೆಂಡು ಬರುವ ಮೊದಲೇ ಅಲ್ಲಿ ಹೋಗಿ ನಿಂತಿರುತ್ತಾನೆ ಎನ್ನುತ್ತಿದ್ದ ಅಪ್ಪ. ಎಡಚನ ಕಾಲು ನೆಲದ ಜೊತೆ ಜಗಳವಾಡುತ್ತದೆ, ಸತ್ತ ಚೆಂಡನ್ನೂ ಎಬ್ಬಿಸಿ ತರುತ್ತದೆ. ಮೂರನೆಯವನನ್ನು ಆಗಿನ್ನೂ ಯಾರೂ ಲೆಕ್ಕಕ್ಕೆ ಹಿಡಿದಿರಲಿಲ್ಲ, ಅಪ್ಪ ಹಿಡಿದಿದ್ದ. ಗಟ್ಟಿ ನೆಲದ ಮೇಲೂ ಹಸಿ ಹಾಸುಗಲ್ಲಿನ ಮೇಲೆ ಜಾರಿದ ಹಾಗೆ ಜಾರುತ್ತಾನೆ, ಜಾರಿದವನು ಬೀಳುವುದಿಲ್ಲ, ಇವನು ಉಳಿದಿಬ್ಬರನ್ನೂ ದಾಟಿ ಹೋಗುತ್ತಾನೆ ಎಂದು ಆಗಲೇ ಹೇಳಿದ್ದ. ಕ್ಲಬ್ಬಿನ ಅಡುಗೆಯವರಾದ ಖಾಜಾ ಚಾಚಾ ರಜೆಯ ದಿನ ನಮ್ಮ ಮನೆಗೆ ಪಂದ್ಯ ನೋಡಲು ಬರುತ್ತಿದ್ದರು. ಅವರು ಎಡಚನ ಕಡೆ. ಅವ್ವ ಚೆಲುವನ ಕಡೆ. ಅವಳ ಕಾರಣವನ್ನು ಅವಳ ಮಾತಿನಲ್ಲೇ ಬರೆಯಬೇಕು.

“ಐದ ತಾಸ ಆಡಿದ್ರೂ ಅವನ ಅಂಗಿ ಬೆವರಂಗಿಲ್ಲ ನೋಡ್ರಿ. ಅವನ ಬಟ್ಟಿ ಒಗಿಯಾಕಿ ಭಾಳ ಪುಣ್ಯ ಮಾಡ್ಯಾಳ.”

“ಬೆವರಲಾರದಾಂವ ಎಂಥ ಗಂಡಸ್ರೀ ಭಾಭಿ,” ಎಂದರು ಖಾಜಾ ಚಾಚಾ. “ಎಡಚನ್ನ ನೋಡ್ರಿ. ನನ್ನಂಗ, ಒಲಿ ಮುಂದ ನಿಂತಂಗ ಬೆವರ್ತಾನ.”

ಆಯಿ ಮೂಲೆಯಲ್ಲಿ ಎಲೆಗೆ ಸುಣ್ಣ ಸವರುತ್ತ, ಅಷ್ಟು ಓಡಿ ಓಡಿಯೂ ತಿರುಗಿ ಅದೇ ಜಾಗಕ್ಕೆ ಬಂದು ನಿಲ್ಲುತ್ತಾರಲ್ಲ, ಇವರಲ್ಲಿ ಶಾಣ್ಯಾ ಯಾರು ಎಂದು ಕೇಳುತ್ತಿದ್ದಳು. ಯಾರು ಎಲ್ಲರಿಗಿಂತ ದೊಡ್ಡವರು ಎಂಬ ಪ್ರಶ್ನೆಗೆ ಮಾತ್ರ ಅಪ್ಪ ಉತ್ತರ ಕೊಡುತ್ತಿರಲಿಲ್ಲ. ಮೂವರ ಆಟವೂ ಮುಗಿಯಲಿ, ಆಮೇಲೆ ಹೇಳುತ್ತೇನೆ ಎನ್ನುತ್ತಿದ್ದ. ಇನ್ನೂ ಓಡುತ್ತಿರುವವನನ್ನು ಅಳೆಯುವುದು ತಪ್ಪು ಎಂದು ಅವನ ವಾದ. ಖಾಜಾ ಚಾಚಾ ಇದಕ್ಕೆ ರೇಗಿ ತಾಟು ಬಿಟ್ಟು ಎದ್ದು ಹೋದದ್ದೂ ಉಂಟು. ಮರುದಿನ ತಾವೇ ಕ್ಲಬ್ಬಿನ ಅಡುಗೆಮನೆಯಿಂದ ಉಳಿದ ಹಾಲು ಕಳಿಸುತ್ತಿದ್ದರು.

ಇನ್ನು ಕೆಟ್ಟ ಸಂಗತಿಗೆ ಬರುತ್ತೇನೆ. ನಾಲ್ಕನೆಯ ತರಗತಿಯಲ್ಲಿದ್ದಾಗ ಒಂದು ದಿನ ನಾನು ತಂತಿಬಲೆಯ ಹೊರಗೆ ನಿಂತು ಅಪ್ಪನ ಆಟವನ್ನು ಮೊದಲಿಂದ ಕೊನೆಯತನಕ ನೋಡಿದೆ. ಎದುರಿಗೆ ಇದ್ದವರು ಹೊಟ್ಟೆ ಬಂದ ಒಬ್ಬ ಸಾಹೇಬರು. ಅಪ್ಪ ನಾಲ್ಕು ಗೇಮ್ ಗೆದ್ದ. ಆಮೇಲೆ ಅವನ ಚೆಂಡುಗಳು ಬಲೆಗೆ ಬೀಳತೊಡಗಿದವು. ಆರು ಗೇಮ್ ಮೊದಲು ಮುಟ್ಟಿದವರಿಗೆ ಸೆಟ್ಟು, ಅದು ಸಾಹೇಬರದಾಯಿತು. ಆರು–ನಾಲ್ಕು. ಮರುವಾರ ಬೇರೆ ಸಾಹೇಬರು, ಆರು–ನಾಲ್ಕು. ಮೂರನೆಯ ವಾರಕ್ಕೆ ನನಗೆ ತಿಳಿಯಿತು. ಅಪ್ಪನಿಗಿಂತ ಮೊದಲು ಮಾರ್ಕರ್ ಆಗಿದ್ದ ಮುದುಕ ಕೆಲಸದ ಜೊತೆಗೆ ಈ ಪದ್ಧತಿಯನ್ನೂ ಕೊಟ್ಟು ಹೋಗಿದ್ದನಂತೆ: ನಾಲ್ಕಕ್ಕೆ ನಿಲ್ಲು. ಎರಡಕ್ಕೆ ನಿಂತರೆ ಸಾಹೇಬರಿಗೆ ಅನುಮಾನ ಬರುತ್ತದೆ, ಐದಕ್ಕೆ ಹೋದರೆ ಭಯ ಬರುತ್ತದೆ. ನಾಲ್ಕು ಗೇಮ್ ಕಳೆದುಕೊಂಡು ಗೆದ್ದರೆ ತಾನು ಹೋರಾಡಿ ಗೆದ್ದೆ ಎಂದು ಮನೆಗೆ ಹೋಗಿ ಚೆನ್ನಾಗಿ ಊಟ ಮಾಡುತ್ತಾರೆ. ಚೆಂಡನ್ನು ಸಾಹೇಬರ ಬಲಗೈಗೆ, ಸೊಂಟದ ಎತ್ತರಕ್ಕೆ, ಅವರು ಚೆಂದ ಕಾಣುವ ಹಾಗೆ ಕಳಿಸುವುದು ಒಂದು ವಿದ್ಯೆ. ಅದನ್ನು ಅಪ್ಪನಷ್ಟು ಬಲ್ಲವರು ವಾಡಿಯಿಂದ ಸೇಡಂವರೆಗಿನ ಯಾವ ಕ್ಲಬ್ಬಿನಲ್ಲೂ ಇರಲಿಲ್ಲ ಎಂದು ಖಾಜಾ ಚಾಚಾ ಹೆಮ್ಮೆಯಿಂದ ಹೇಳುತ್ತಿದ್ದರು. ಹೆಮ್ಮೆಯಿಂದ!

ನಾನು ಅಂದು ಊಟ ಬಿಟ್ಟೆ. ಯಾಕೆ ಸೋಲುತ್ತಿ ಎಂದು ಕೇಳಿದೆ. ಸೋತಿಲ್ಲ, ಸಾಹೇಬರನ್ನು ಆಡಿಸಿದ್ದೇನೆ ಎಂದು ಅಪ್ಪ ನಕ್ಕ. ನಾನು ತಾಟು ದೂಡಿದೆ. ಆಗ ಅವ್ವ ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸಿದಳು.

“ನೀ ಕುಂತದ್ದು ಯಾರ ಮನಿ? ನೀ ಹೋಗೂ ಸಾಲಿ ಯಾರದು? ನಿಮ್ಮಪ್ಪ ಗೆದ್ದು ತಂದಾನಂತ ಮಾಡೀಯೇನು? ಸುಮ್ನ ಉಣ್ಣು.”

ನಾನು ಉಂಡೆ. ಅಪ್ಪ ತಲೆ ಎತ್ತಲಿಲ್ಲ. ಆ ದಿನದಿಂದ ನಮ್ಮ ಮನೆಯ ಗೋಡೆ, ಕಲ್ಲು, ಟಿವಿ ಯಾವುದನ್ನು ನೋಡಿದರೂ ನನಗೆ ಸಿಟ್ಟು ಬರುತ್ತಿತ್ತು. ಯಾರ ಮೇಲೆ ಎಂದು ಗೊತ್ತಿರಲಿಲ್ಲ. ಈಗ ಗೊತ್ತಿದೆ.

ಆ ಫೆಬ್ರವರಿಯ ಭಾನುವಾರಕ್ಕೆ ಆಸ್ಟ್ರೇಲಿಯಾದ ಫೈನಲ್ ಮುಗಿದು ಒಂದು ವಾರ ಆಗಿತ್ತು. ಎಡಚ ಗೆದ್ದಿದ್ದ. ಚೆಲುವ ಸೋತು, ಬಹುಮಾನದ ವೇದಿಕೆಯ ಮೇಲೆ ಮಾತಾಡಲು ಆಗದೆ ಅತ್ತಿದ್ದ. ಅದನ್ನು ನೋಡಲು ಅಪ್ಪ ತಾನೇ ಎದ್ದು ಟವೆಲು ತೆಗೆದಿದ್ದ. ಅವ್ವನೂ ಅತ್ತಿದ್ದಳು. ಆ ಭಾನುವಾರ ಸಂಜೆ ಹಾಲು ತರಲು ನಾನು ಕ್ಲಬ್ಬಿನ ಅಡುಗೆಮನೆಗೆ ಹೋದಾಗ ಐದು ಗಂಟೆ ಆಗಿರಲಿಲ್ಲ. ಅಡುಗೆಮನೆಯ ಕಿಟಕಿ ಕ್ಲಬ್ಬಿನ ವರಾಂಡಕ್ಕೆ ತೆರೆದಿತ್ತು. ಅಲ್ಲಿ ನಾಲ್ಕೈದು ಸಾಹೇಬರು ಚಹಾ ಕುಡಿಯುತ್ತ ಆ ಫೈನಲಿನ ಮಾತಾಡುತ್ತಿದ್ದರು. ನಡುವೆ ಕೂತವರು ಹಿಂದಿನ ವರ್ಷ ಬಂದಿದ್ದ ದೊಡ್ಡ ಸಾಹೇಬರು, ಸರೀನ್. ಹೊರನಾಡಿನವರು, ಹಿಂದಿಯಲ್ಲಿ ಮಾತಾಡುತ್ತಿದ್ದರು. ಈವರೆಗೆ ಹುಟ್ಟಿದವರಲ್ಲಿ ಚೆಲುವನೇ ಶ್ರೇಷ್ಠ, ಅವನು ರಾಜನ ಹಾಗೆ ಆಡುತ್ತಾನೆ, ಆ ಎಡಗೈಯವನು ಕೂಲಿ, ಕೂಲಿಯವನ ಹಾಗೆ ಓಡಿ ಓಡಿ ಬೆವರು ಸುರಿಸಿ ಕಪ್ ಹೊತ್ತುಕೊಂಡು ಹೋದ ಎಂದರು. ಉಳಿದವರು ನಕ್ಕರು. ಅಪ್ಪ ವರಾಂಡದ ಮೆಟ್ಟಿಲ ಬಳಿ ಚೆಂಡಿನ ಬುಟ್ಟಿ ಹಿಡಿದು ನಿಂತಿದ್ದ. ದೊಡ್ಡ ಸಾಹೇಬರು ಅವನ ಕಡೆ ತಿರುಗಿ, ಮಲ್ಲಣ್ಣ ಏನಂತಾನೆ ಕೇಳೋಣ, ಅವನೂ ಆಟಗಾರನಲ್ಲವೇ ಎಂದರು. ತಮಾಷೆಗೆ ಕೇಳಿದರು. ಅಪ್ಪ ನಕ್ಕು ಕೈಮುಗಿದು ಸುಮ್ಮನಾಗಬೇಕಿತ್ತು. ಸಾಮಾನ್ಯವಾಗಿ ಅವನು ಮಾಡುತ್ತಿದ್ದದ್ದು ಅದನ್ನೇ. ಕೂಲಿ ಎಂಬ ಮಾತು ಅವನಿಗೆ ತಾಗಿತೋ ಏನೋ ಖಚಿತವಾಗಿ ಹೇಳಲಾರೆ, ಅವನು ನನಗೆ ಯಾವತ್ತೂ ಹೇಳಲಿಲ್ಲ. ಅವನು ಅಂದದ್ದು ಮಾತ್ರ ನನಗೆ ಅಕ್ಷರಶಃ ನೆನಪಿದೆ. ಕನ್ನಡದಲ್ಲೇ ಅಂದ.

“ಯಾರು ದೊಡ್ಡಾಂವ ನನಗ ಗೊತ್ತಿಲ್ರಿ ಸಾಬ್ರ. ಅವರೆಲ್ಲಾ ಜಗತ್ತಿನ ಮುಂದ ಸೋತಾರ, ಸೋತು ಕೈ ಕೊಟ್ಟಾರ. ನಮ್ಮ ಕ್ಲಬ್ಬಿನ್ಯಾಗ ಹದಿನೆಂಟ ವರ್ಷದಾಗ ನನ್ನ ಮುಂದ ಒಬ್ಬ ಸಾಬ್ರೂ ಸೋತಿಲ್ಲ. ಹಂಗ ನೋಡಿದ್ರ ಅವರಿಗಿಂತ ನೀವೇ ದೊಡ್ಡವ್ರು.”

ಚಿತ್ತಾಪುರದ ಕಡೆಯ ಕಿರಿಯ ಎಂಜಿನಿಯರ್ ದೇಶಮುಖ ಸಾಹೇಬರಿಗೆ ಕನ್ನಡ ಬರುತ್ತಿತ್ತು. ದೊಡ್ಡ ಸಾಹೇಬರು ಏನಂದ ಎಂದು ಅವರನ್ನು ಕೇಳಿದರು. ದೇಶಮುಖರು ತಡಬಡಾಯಿಸಿ ಅರ್ಧ ಹೇಳಿದರು. ಅರ್ಧವೇ ಸಾಕಾಯಿತು. ಖಾಜಾ ಚಾಚಾ ನನ್ನ ಪಕ್ಕದಲ್ಲಿ ಸೌಟು ಹಿಡಿದು ನಿಂತವರು ‘ಯಾ ಅಲ್ಲಾ’ ಎಂದರು, ಮೆಲ್ಲಗೆ. ದೊಡ್ಡ ಸಾಹೇಬರು ಕಪ್ಪು ಕೆಳಗಿಟ್ಟು, ರಾಕೆಟ್ ತಗೋ, ಒಂದು ಸೆಟ್ಟು, ಇವತ್ತು ಖರೇ ಆಡು, ಆಡದಿದ್ದರೆ ನನಗೆ ಗೊತ್ತಾಗುತ್ತದೆ ಎಂದರು.

ಅಪ್ಪ ಖರೇ ಆಡಿದ. ನನ್ನ ಜೀವನದಲ್ಲಿ ನಾನು ಅದನ್ನು ನೋಡಿದ್ದು ಅದೊಂದೇ ಸಲ. ದೊಡ್ಡ ಸಾಹೇಬರು ಕೆಟ್ಟ ಆಟಗಾರರಲ್ಲ; ಕಾಲೇಜಿನಲ್ಲಿ ಆಡಿದವರು, ಎತ್ತರದವರು, ಅವರ ಸರ್ವೀಸು ಜೋರಾಗಿತ್ತು. ಅದಕ್ಕೇ ಆಟ ಐದು–ನಾಲ್ಕರತನಕ ಬಂತು, ಅಪ್ಪನಿಗೆ ಐದು. ನಾನು ಅಡುಗೆಮನೆಯಿಂದ ಹೊರಗೆ ಬಂದು ರೋಲರಿನ ಪಕ್ಕ ನಿಂತದ್ದು ಈ ಗೇಮಿಗೆ ಸ್ವಲ್ಪ ಮೊದಲು. ದೇಶಮುಖರು ಅಂಪೈರಿನ ಎತ್ತರದ ಕುರ್ಚಿಯ ಮೇಲಿದ್ದರು. ಕಸ ಗುಡಿಸುವ ಯಲ್ಲವ್ವ ಆಚೆ ಬೇವಿನ ಗಿಡದ ಕೆಳಗೆ ಪೊರಕೆ ಹಿಡಿದು ನಿಂತಿದ್ದಳು. ಉಳಿದ ಸಾಹೇಬರು ವರಾಂಡದಲ್ಲೇ ಇದ್ದರು. ಅಲ್ಲಿಂದ ಹಿಂದಿನ ಗೆರೆ ಕಾಣುವುದಿಲ್ಲ, ಆಮೇಲೆ ನಾನೇ ಹೋಗಿ ನಿಂತು ನೋಡಿದ್ದೇನೆ. ಅಪ್ಪನ ಸರ್ವೀಸು. ನಲವತ್ತು–ಮೂವತ್ತು. ಇನ್ನೊಂದು ಪಾಯಿಂಟಿಗೆ ಸೆಟ್ಟು ಅವನದು. ಚೆಂಡು ಎರಡು ಮೂರು ಸಲ ಆಚೆ ಈಚೆ ಹೋಯಿತು. ಆಗ ಅಪ್ಪ ಒಂದು ತಪ್ಪು ಮಾಡಿದ. ಮೈಗೆ ಹದಿನೆಂಟು ವರ್ಷ ಕಲಿಸಿದ್ದು ಕೊನೆಯ ಗಳಿಗೆಯಲ್ಲಿ ಎದ್ದು ಬಂತು: ಚೆಂಡನ್ನು ಸಾಹೇಬರ ಬಲಗೈಗೆ, ಸೊಂಟದ ಎತ್ತರಕ್ಕೆ, ಅವರು ಚೆಂದ ಕಾಣುವ ಹಾಗೆ ಕಳಿಸಿದ. ಸಾಹೇಬರು ಮೈತುಂಬ ಬಲ ಹಾಕಿ ಹೊಡೆದರು. ಚೆಂಡು ಅಪ್ಪನನ್ನು ದಾಟಿ ಗೆರೆಯನ್ನೂ ದಾಟಿ ಬಿತ್ತು.

“ಔಟ್ ಅದರಿ ಸಾಬ್ರ,” ಎಂದ ಅಪ್ಪ.

ಸಾಹೇಬರು ಇಲ್ಲ ಎಂದರು. ಅಪ್ಪ ಗುರುತಿನ ಬಳಿ ಕೂತು ಮೂರು ಬೆರಳು ಇಟ್ಟು ತೋರಿಸಿದ. ಸಾಹೇಬರು ಬಲೆಯನ್ನು ಬಳಸಿ ಈಚೆ ಬಂದರು. ಬರುವಾಗ ಅವಸರ ಮಾಡಲಿಲ್ಲ. ಅಪ್ಪ ಎದ್ದು ಪಕ್ಕಕ್ಕೆ ಸರಿದ. ಸಾಹೇಬರು ಮೊಣಕಾಲ ಮೇಲೆ ಕೈಯೂರಿ ಬಗ್ಗಿ ಗುರುತನ್ನು ನೋಡಿದರು. ಆಮೇಲೆ ನೆಟ್ಟಗಾಗಿ, ಬಲಗಾಲಿನ ಬೂಟಿನಿಂದ, ಅದನ್ನು ಎರಡು ಸಲ ಒರೆಸಿದರು. ಸುಣ್ಣದ ಗೆರೆಯೂ ಒಂದು ಗೇಣು ಅಳಿಸಿಹೋಯಿತು. ಚೆಂಡು ಒಳಗೆ ಬಿದ್ದಿದೆ, ಡ್ಯೂಸ್, ಇಬ್ಬರದೂ ಸಮ ಎಂದು ಹೇಳಿ ತಮ್ಮ ತುದಿಗೆ ಹೊರಟರು. ಅಪ್ಪ ಕುರ್ಚಿಯ ಮೇಲಿನ ದೇಶಮುಖರ ಕಡೆ ನೋಡಿದ. ತಮಗೆ ಸರಿಯಾಗಿ ಕಾಣಲಿಲ್ಲ ಎಂದರು ಅವರು. ಅಪ್ಪ ಇನ್ನೊಮ್ಮೆ ‘ಔಟ್ ಅದರಿ’ ಎಂದ, ಮೊದಲಿನಷ್ಟೇ ಮೆಲ್ಲಗೆ. ಆಮೇಲೆ ರಾಕೆಟನ್ನು ಬಲೆಯ ಕಂಬಕ್ಕೆ ಆನಿಸಿ ಇಟ್ಟ. ಎಸೆಯಲಿಲ್ಲ. ಎತ್ತಲೂ ಇಲ್ಲ. ಪಂಪಿನ ಕೋಣೆಯ ಕಡೆ ನಡೆದುಹೋದ. ಕಾಲನಿಯಲ್ಲಿ ಈಗಲೂ ಕೆಲವರು ಹೇಳುತ್ತಾರೆ, ಮಲ್ಲಣ್ಣ ಅಂದು ದೊಡ್ಡ ಸಾಹೇಬರ ಮೇಲೆ ರಾಕೆಟ್ ಎತ್ತಿದ್ದ ಎಂದು. ಹಾಗೆ ಹೇಳುವವರಲ್ಲಿ ಒಬ್ಬರೂ ಅಲ್ಲಿರಲಿಲ್ಲ.

ಸೋಮವಾರ ಸಂಜೆ ದೇಶಮುಖರು ನಮ್ಮ ಮನೆಗೆ ಬಂದರು. ಮಂಚದ ತುದಿಯಲ್ಲಿ ಕೂತು ಅವ್ವ ಕೊಟ್ಟ ಚಹಾ ಕುಡಿದರು. ಒಳ್ಳೆಯ ಮಾತಿನ ಮನುಷ್ಯ. ಉದ್ಧಟತನಕ್ಕೆ ಕ್ಷಮೆ ಕೇಳಬೇಕು ಎಂದಿದ್ದರೆ ಅಪ್ಪ ಅಲ್ಲೇ ಕೇಳಿಬಿಡುತ್ತಿದ್ದ. ಅದು ಅವನಿಗೆ ಅಭ್ಯಾಸವಿತ್ತು. ಆದರೆ ದೊಡ್ಡ ಸಾಹೇಬರಿಗೆ ಬೇಕಾದದ್ದು ಅದಲ್ಲ. ಚೆಂಡು ಒಳಗೆ ಬಿದ್ದಿತ್ತು, ನಾನು ತಪ್ಪಾಗಿ ನೋಡಿದೆ ಎಂದು ಬರೆದು ಸಹಿ ಮಾಡಿ ಕೊಡಬೇಕಿತ್ತು. ಮಂಗಳವಾರ ಹತ್ತು ಗಂಟೆಯೊಳಗೆ. ಇಲ್ಲದಿದ್ದರೆ ತಿಂಗಳೊಳಗೆ ಕ್ವಾರ್ಟರ್ಸ್ ಖಾಲಿ.

“ಒಂದ ಸಾಲು, ಮಲ್ಲಣ್ಣ,” ಎಂದರು ದೇಶಮುಖರು. “ಒಂದ ಸಾಲಿಗೆ ನಿಂದೇನ ಹೋಗ್ತದ?”

“ನೀವ ಕುರ್ಚಿ ಮ್ಯಾಲಿದ್ರಿ. ನೀವ ಬರದ ಕೊಡ್ರಿ,” ಎಂದ ಅಪ್ಪ.

ಅವರು ಲೋಟ ಕೆಳಗಿಟ್ಟು ಎದ್ದು ಹೋದರು. ಅವರು ಹೋದ ಮೇಲೆ ನಮ್ಮ ಮನೆಯಲ್ಲಿ ನಡೆದ ಜಗಳವನ್ನು ಪೂರ್ತಿ ಬರೆಯಲಾರೆ. ಆಯಿ ತನ್ನ ಗಂಟು ಕಟ್ಟಲು ಕೂತಳು. ಗುಡ್ಡದ ಊರಿಗೆ ಹೋಗೋಣ, ಮಣ್ಣು ಅಲ್ಲಿಯದೇ ತಾನೆ, ನಾವೂ ಅಲ್ಲಿಯವರೇ ಎಂದಳು. ಅವ್ವ ಕೂಗಿ ಮಾತಾಡುವವಳಲ್ಲ, ಅಂದು ಕೂಗಿದಳು. ಆ ಊರಿನಲ್ಲಿ ಐದನೆಯತನಕ ಮಾತ್ರ ಶಾಲೆ, ಮಗಳನ್ನು ಅಲ್ಲಿ ಕುರಿ ಹಿಂದೆ ಕಳಿಸುತ್ತೀಯಾ ಎಂದು ಕೇಳಿದಳು. ಇಷ್ಟು ವರ್ಷ ದಿನಾ ಸೋತವನು ಒಂದು ದಿನ ಸೋಲಲು ಏನಾಗಿತ್ತು ಎಂದೂ ಕೇಳಿದಳು. ಅಪ್ಪ ಅದಕ್ಕೆ ಉತ್ತರ ಕೊಟ್ಟ. ದಿನಾ ನಾನಾಗಿಯೇ ಸೋತೆ, ಇದು ಹಾಗಲ್ಲ ಎಂದ. ನನಗೆ ಅರ್ಥವಾಯಿತು. ಅವ್ವನಿಗೂ ಅರ್ಥವಾಯಿತೆಂದು ಈಗ ಅನಿಸುತ್ತದೆ. ಅರ್ಥವಾಗಿಯೂ ಅವಳು ಒಪ್ಪಲಿಲ್ಲ, ಒಪ್ಪಲು ಅವಳಿಗೆ ಸಾಧ್ಯವೂ ಇರಲಿಲ್ಲ.

ಮಂಗಳವಾರ ಬೆಳಿಗ್ಗೆ ನಾನು ಶಾಲೆಯ ಬಟ್ಟೆ ಹಾಕಿಕೊಂಡು ಜಡೆ ಹಾಕಿಸಿಕೊಳ್ಳಲು ಕೂತಿದ್ದೆ. ಅಪ್ಪ ಪೂಜೆ ಮುಗಿಸಿ ಬಂದು ನನ್ನ ಎದುರು ಕೂತ. ಅವನಿಗೆ ತನ್ನ ಹೆಸರು ಬರೆಯಲು ಬರುತ್ತಿತ್ತು, ಅಷ್ಟೇ. ನೋಟುಬುಕ್ಕಿನ ನಡುವಿನ ಹಾಳೆ ಹರಿ ಎಂದ. ಅವ್ವ ನನ್ನ ಜಡೆ ಬಿಟ್ಟು ಅಡುಗೆಮನೆಗೆ ಹೋದಳು. ರೊಟ್ಟಿ ತಟ್ಟುವ ಸದ್ದು ಬರಲಿಲ್ಲ. ನಾನು ಬರೆಯುವುದಿಲ್ಲ ಎಂದೆ. ಚೆಂಡು ಹೊರಗೆ ಬಿದ್ದಿತ್ತು, ನಾನೇ ನೋಡಿದ್ದೇನೆ ಎಂದೆ. ನೀನು ಅಲ್ಲಿದ್ದದ್ದು ನನಗೆ ಗೊತ್ತು ಎಂದ ಅಪ್ಪ.

“ಬರಿ ನೀಲಾ. ನಾ ಹೇಳಾಕತ್ತೀನಿ, ನೀ ಬರಿಯಾಕತ್ತಿ. ಸುಳ್ಳು ನಂದು, ಅಕ್ಷರ ಅಷ್ಟ ನಿಂದು.”

ಆ ಹಂಚಿಕೆಯನ್ನು ನಾನು ಇವತ್ತಿಗೂ ಒಪ್ಪಿಲ್ಲ. ಅವನಿಗೆ ಓದಲು ಬಾರದು. ಖರೇ ಮಾತು ಬರೆದು ಸುಳ್ಳನ್ನು ಓದಿ ಹೇಳಬಹುದಿತ್ತು. ಆ ಯೋಚನೆ ನನಗೆ ಬಂತು, ಪೆನ್ನು ಕೈಯಲ್ಲಿರುವಾಗಲೇ ಬಂತು. ಮನೆಯ ಗೋಡೆ ನೋಡಿದೆ, ನನ್ನ ಶಾಲೆಯ ಚೀಲ ನೋಡಿದೆ, ಬರೆದೆ. ‘ಚೆಂಡು ಗೆರೆಯ ಒಳಗೆ ಬಿದ್ದಿತ್ತು. ನಾನು ತಪ್ಪಾಗಿ ನೋಡಿದೆ.’ ಅಕ್ಷರ ದುಂಡಗೆ ಬಂದವು. ಅಪ್ಪ ಓದಿಸಿ ಕೇಳಿ ಕೆಳಗೆ ತನ್ನ ಹೆಸರು ಬರೆದ, ಹಾಳೆಯನ್ನು ಎರಡು ಮಡಿಕೆ ಮಾಡಿ ಕಿಸೆಯಲ್ಲಿ ಇಟ್ಟುಕೊಂಡು ಹೋದ. ಮನೆ ಉಳಿಯಿತು. ನಾನು ಆ ಶಾಲೆಯಲ್ಲೇ ಹತ್ತನೆಯ ತರಗತಿ ಮುಗಿಸಿದೆ. ಮುಂದಿನ ಭಾನುವಾರ ಅಪ್ಪ ದೊಡ್ಡ ಸಾಹೇಬರೊಡನೆ ಆಡಿದ. ಆರು–ನಾಲ್ಕು. ನಾನು ನೋಡಲು ಹೋಗಲಿಲ್ಲ, ಖಾಜಾ ಚಾಚಾ ಹೇಳಿದರು. ಎರಡು ವರ್ಷದ ನಂತರ ದೊಡ್ಡ ಸಾಹೇಬರಿಗೆ ವರ್ಗವಾಯಿತು. ಬೀಳ್ಕೊಡುಗೆಯ ದಿನ, ನಮ್ಮ ಮಲ್ಲಣ್ಣ ಒಮ್ಮೆ ನನ್ನನ್ನು ಸೋಲಿಸಿಯೇಬಿಡುತ್ತಿದ್ದ ಎಂದು ಅವರು ಭಾಷಣದಲ್ಲಿ ನಗುತ್ತ ಹೇಳಿದರಂತೆ. ಎಲ್ಲರೂ ಚಪ್ಪಾಳೆ ತಟ್ಟಿದರಂತೆ. ಅಪ್ಪನೂ ತಟ್ಟಿದನೇ ಎಂದು ನಾನು ಕೇಳಲಿಲ್ಲ. ಆ ಹೊತ್ತಿಗೆ ನಾನು ಅವನೊಡನೆ ಹೆಚ್ಚು ಮಾತಾಡುತ್ತಿರಲಿಲ್ಲ. ಅವನಿಗೆ ಮಾಡಿದ ಅನ್ಯಾಯಕ್ಕೆ ನಾನು ಅವನ ಮೇಲೆಯೇ ಸಿಟ್ಟಾದೆ. ಹತ್ತಿರ ಸಿಕ್ಕವನು ಅವನೊಬ್ಬನೇ.

ಈಗ ನಾನು ಭೂಮಾಪನ ಇಲಾಖೆಯಲ್ಲಿ ಸರ್ವೇಯರ್. ಚಿತ್ತಾಪುರದ ಕಚೇರಿಯಲ್ಲಿ ಮಧ್ಯಾಹ್ನದ ಬುತ್ತಿ ಬಿಚ್ಚಿದಾಗ ಹುಡುಗರು ಫೋನು ಹಿಡಿದು ಅದೇ ವಾದ ಮಾಡುತ್ತಾರೆ, ಮೂವರಲ್ಲಿ ಯಾರು ಶ್ರೇಷ್ಠ ಎಂದು. ಗೆದ್ದ ಕಪ್ಪುಗಳನ್ನು ಎಣಿಸುತ್ತಾರೆ. ಎಣಿಕೆಯಲ್ಲಿ ಅಪ್ಪ ಹೇಳಿದ್ದ ರಬ್ಬರೇ ಮುಂದೆ. ಒಬ್ಬ ಚೆಲುವನ ಚೆಲುವನ್ನು ಎತ್ತುತ್ತಾನೆ, ಇನ್ನೊಬ್ಬ ಕೆಂಪು ಮಣ್ಣಿನಲ್ಲಿ ಎಡಚನಿಗೆ ಸಮ ಯಾರು ಎನ್ನುತ್ತಾನೆ. ನಾನು ಬಾಯಿ ಹಾಕುವುದಿಲ್ಲ. ಅಪ್ಪನಿಗೂ ಉತ್ತರ ಹೇಳುವ ಅವಕಾಶ ಸಿಗಲಿಲ್ಲ. ಮೂವರಲ್ಲಿ ಒಬ್ಬನೂ ಆಟ ಬಿಡುವ ಮೊದಲೇ ಅವನು ತೀರಿಕೊಂಡ. ಸಿಮೆಂಟು ತುಂಬಿದ ಎದೆ, ಆರು ತಿಂಗಳ ಕೆಮ್ಮು. ಆದರೆ ನನಗೆ ನನ್ನದೇ ಒಂದು ಅಳತೆ ಇದೆ. ಕೆಂಪು ಮಣ್ಣಿನ ಅಂಗಳದಲ್ಲಿ ಈ ಮೂವರೂ, ಒಬ್ಬೊಬ್ಬರೂ, ತಮಗೆ ವಿರುದ್ಧವಾದ ಗುರುತಿನ ಬಳಿ ಬಂದು, ನೋಡಿ, ಹೌದು ಎಂದು ಒಪ್ಪಿ, ಪಾಯಿಂಟನ್ನು ಎದುರಿನವನಿಗೆ ಬಿಟ್ಟು, ಆಮೇಲೆ ಕಾಲಿನಿಂದ ಒರೆಸಿ ಹೋಗಿದ್ದನ್ನು ನಾನು ಟಿವಿಯಲ್ಲಿ ನೋಡಿದ್ದೇನೆ.

ಅಂದು ಆ ಗುರುತನ್ನು ನೋಡಿದವರಲ್ಲಿ ಬದುಕಿರುವವರು ಇವರು. ಖಾಜಾ ಚಾಚಾ: ಅಪ್ಪ ಬೆರಳಿಟ್ಟಾಗ ಅವರು ನನ್ನ ಹಿಂದೆ ಬಂದು ನಿಂತಿದ್ದರು, ಈಗ ಶಹಾಬಾದಿನಲ್ಲಿ ಮಗಳ ಮನೆಯಲ್ಲಿದ್ದಾರೆ, ಒಂದು ಕಣ್ಣು ಹೋಗಿದೆ, ಕೇಳಿದರೆ ಬೆರಳಿನ ಅಳತೆ ಸಮೇತ ಹೇಳುತ್ತಾರೆ. ಯಲ್ಲವ್ವ: ಸಾಹೇಬರು ಒರೆಸಿದ ಜಾಗವನ್ನು ಆಮೇಲೆ ಗುಡಿಸಿದವಳು ಅವಳೇ, ಒರೆಸುವ ಮೊದಲು ಬೇವಿನ ಗಿಡದಿಂದ ಗೆರೆಯತನಕ ಬಂದು ನೋಡಿದ್ದೆ ಎನ್ನುತ್ತಾಳೆ, ವಾಡಿಯಲ್ಲಿ ಸ್ಟೇಷನ್ ಹಿಂದಿನ ಓಣಿಯಲ್ಲಿದ್ದಾಳೆ. ದೇಶಮುಖರು: ಈಗ ದೊಡ್ಡ ಹುದ್ದೆ, ಕಲಬುರಗಿಯಲ್ಲಿ ಮನೆ, ಹೋದ ವರ್ಷ ಚಿತ್ತಾಪುರದಲ್ಲಿರುವ ಅವರ ನಿವೇಶನ ಅಳೆಯಲು ಕಚೇರಿಯವರು ನನ್ನನ್ನೇ ಕಳಿಸಿದ್ದರು, ನನ್ನ ಗುರುತು ಸಿಕ್ಕಿತು, ನೆಲ ನೋಡಿದರು. ಮತ್ತೆ ಸರೀನ್ ಸಾಹೇಬರು. ಎಲ್ಲಿದ್ದಾರೋ ಗೊತ್ತಿಲ್ಲ, ಬದುಕಿದ್ದಾರೆ ಎಂದು ನಿವೇಶನ ಅಳೆದ ದಿನ ದೇಶಮುಖರೇ ಹೇಳಿದರು. ಮೊಣಕಾಲ ಮೇಲೆ ಕೈಯೂರಿ, ಬಗ್ಗಿ, ನಮ್ಮೆಲ್ಲರಿಗಿಂತ ಹತ್ತಿರದಿಂದ ಅದನ್ನು ನೋಡಿದವರು ಅವರು.